ಪಂದಿ ಕರಿಯನ್ನು ಡಬ್ಬಿಗೆ ತುಂಬಬಹುದೇ? ಕಾಚಂಪುಳಿ ಹಾಕಿದರೆ ಕೆಡದೆ ಉಳಿಯುತ್ತದೆಯೇ?

ಮಡಿಕೇರಿಗುಡ್ಡ ಕೇಳಿದ್ದು:

ಮಡಿಕೇರಿ ಪಕ್ಕದ ಒಂದು ಹೋಂಸ್ಟೇ ಅಡುಗೆಮನೆಯ ಪರವಾಗಿ ಈ ಪ್ರಶ್ನೆ. ಉಂಡು ಹೋಗುವವರೆಲ್ಲ ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ಕಟ್ಟಿಕೊಡಿ ಅನ್ನುತ್ತಾರೆ. ಬೆಂಗಳೂರಿನವರೆಗೆ ಐಸ್ ಪೆಟ್ಟಿಗೆಯಲ್ಲಿ ಕಳಿಸಬಹುದು, ಅದರಾಚೆಗೆ ಸಾಧ್ಯವಿಲ್ಲ. ಫ್ರಿಜ್ ಇಲ್ಲದೆ ಆರು ತಿಂಗಳಾದರೂ ಇರುವಂತೆ ತವರದ ಡಬ್ಬಿಯಲ್ಲೋ ಗಾಜಿನ ಜಾಡಿಯಲ್ಲೋ ತುಂಬುವ ಯೋಚನೆ ಇದೆ.

ನಮ್ಮ ಅಳತೆ ಹೀಗಿದೆ: ಚರ್ಮ, ಕೊಬ್ಬು ಸಹಿತ ಹಂದಿ ಮಾಂಸ 1 ಕೆ.ಜಿ., ಈರುಳ್ಳಿ 3, ಬೆಳ್ಳುಳ್ಳಿ 15 ಎಸಳು, ಶುಂಠಿ ಒಂದು ತುಂಡು, ಹಸಿಮೆಣಸು 6, ಉಪ್ಪು 15 ಗ್ರಾಂ, ಕಪ್ಪಾಗುವ ತನಕ ಹುರಿದ ಪುಡಿ (ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಚೂರು ಮೆಂತ್ಯ) 3 ದೊಡ್ಡ ಚಮಚ, ಕೊನೆಯಲ್ಲಿ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕೊಡಗಿನ ಗಟ್ಟಿ ಹುಳಿ) 2 ಸಣ್ಣ ಚಮಚ.

ತಿಳಿಯಬೇಕಾದದ್ದು: ಅಂಗಡಿಯಲ್ಲಿ ಸಿಗುವ ಡಬ್ಬಿ ಮಾಂಸಕ್ಕೆ ಏನೇನು ಹಾಕಿರುತ್ತಾರೆ? ಅದು ವರ್ಷಗಟ್ಟಲೆ ಕೆಡದೆ ಹೇಗೆ ಇರುತ್ತದೆ? ಕಾಚಂಪುಳಿ ಅಷ್ಟು ಹುಳಿ ಇರುವಾಗ ಅದೇ ಸಂರಕ್ಷಕ ಆಗುವುದಿಲ್ಲವೇ? ಮನೆಯ 10 ಲೀಟರ್ ಪ್ರೆಶರ್ ಕುಕ್ಕರ್ ಇದಕ್ಕೆ ಸಾಕೇ?

---

ಹಳೇಡಬ್ಬಿ ಉತ್ತರ:

ಚರಿತ್ರೆಯಿಂದ ಶುರು ಮಾಡುತ್ತೇನೆ. ಈಗಿನ ಒಂದೊಂದು ನಿಯಮದ ಹಿಂದೆಯೂ ಕೆಟ್ಟುಹೋದ ಡಬ್ಬಿಗಳ ರಾಶಿ ಇದೆ. ಅದನ್ನು ತಿಳಿದುಕೊಂಡರೆ ನಿಯಮ ಮುರಿಯುವ ಮನಸ್ಸಾಗುವುದಿಲ್ಲ.

ಶುರುವಾದದ್ದು ಫ್ರಾನ್ಸಿನಲ್ಲಿ. ನಿಕೊಲಾ ಅಪೆರ್ ಮಿಠಾಯಿ ತಯಾರಿಸುತ್ತಿದ್ದವನು. ಮಾಂಸ, ತರಕಾರಿ, ಸಾರು ಎಲ್ಲವನ್ನೂ ದಪ್ಪ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಜಡಿದು, ಕುದಿಯುವ ನೀರಿನಲ್ಲಿ ಬಹಳ ಹೊತ್ತು ಇಡುತ್ತಿದ್ದ. 1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ವಿಧಾನವನ್ನು ಅಚ್ಚು ಹಾಕಿಸಿ ಎಲ್ಲರಿಗೂ ತಿಳಿಸಬೇಕು ಎಂಬುದು ಷರತ್ತು. ಅದೇ ವರ್ಷ ಲಂಡನ್ನಿನಲ್ಲಿ ಪೀಟರ್ ಡುರಾಂಡ್ ಗಾಜಿನ ಬದಲು ತವರ ಲೇಪಿಸಿದ ಕಬ್ಬಿಣದ ಡಬ್ಬಿಯನ್ನೂ ಸೇರಿಸಿ ಪೇಟೆಂಟ್ ಪಡೆದ. ಅದನ್ನು ಕೊಂಡ ಬ್ರಯಾನ್ ಡಾಂಕಿನ್ ಮತ್ತು ಪಾಲುದಾರರು ಬರ್ಮಂಡ್ಸಿಯಲ್ಲಿ ಕಾರ್ಖಾನೆ ತೆರೆದು 1813ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆಗೆ ಮಾಂಸದ ಡಬ್ಬಿ ಕೊಡತೊಡಗಿದರು. ಆ ಡಬ್ಬಿ ತೆರೆಯಲು ಉಳಿ, ಸುತ್ತಿಗೆ ಬೇಕಿತ್ತು. ಡಬ್ಬಿ ತೆರೆಯುವ ಸಾಧನಕ್ಕೆ ಇಂಗ್ಲೆಂಡಿನಲ್ಲಿ 1855ರವರೆಗೆ, ಅಮೆರಿಕದಲ್ಲಿ 1858ರವರೆಗೆ ಕಾಯಬೇಕಾಯಿತು.

ಗಮನಿಸಬೇಕಾದದ್ದು, ಆಗ ಇವರಲ್ಲಿ ಯಾರಿಗೂ ಸೂಕ್ಷ್ಮಜೀವಿಯ ವಿಚಾರ ಗೊತ್ತಿರಲಿಲ್ಲ. ಗಾಳಿ ಹೋದರೆ ಸಾಕು, ಕೆಡುವುದಿಲ್ಲ ಎಂದೇ ನಂಬಿದ್ದರು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1852ರ ಜನವರಿಯಲ್ಲಿ. ಸ್ಟೀಫನ್ ಗೋಲ್ಡ್ನರ್ ಎಂಬ ಗುತ್ತಿಗೆದಾರ ನೌಕಾಪಡೆಗೆ ಕೊಟ್ಟ ಡಬ್ಬಿಗಳನ್ನು ತೆರೆದು ನೋಡಿದರೆ ಹೆಚ್ಚಿನವು ಕೊಳೆತಿದ್ದವು. ಸಣ್ಣ ಡಬ್ಬಿಯಿಂದ ದೊಡ್ಡ ಡಬ್ಬಿಗೆ ಹೋದಾಗ ಶಾಖ ನಡುವಿನ ಮಾಂಸಕ್ಕೆ ತಲುಪಿರಲಿಲ್ಲ ಎಂಬುದೇ ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಡಬ್ಬಿಯ ಅಳತೆ ಬದಲಾದರೆ ಹೊತ್ತೂ ಬದಲಾಗಬೇಕು. ಇವತ್ತಿಗೂ ಮನೆಯಲ್ಲಿ ಮಾಡುವವರು ಎಡವುವುದು ಇಲ್ಲೇ.

ಆಮೇಲಿನ ಹಂತಗಳು ಬೇಗ ಬಂದವು. 1861ರಲ್ಲಿ ಬಾಲ್ಟಿಮೋರಿನ ಐಸಾಕ್ ಸಾಲೊಮನ್ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಕುದಿಯುವ ಬಿಂದುವನ್ನು 115 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿಗೆ ಏರಿಸಿದ. ಐದಾರು ಗಂಟೆಯ ಕೆಲಸ ಗಂಟೆಯೊಳಗೆ ಮುಗಿಯಿತು. ಆದರೆ ಹೊರಗಿನಿಂದ ಒತ್ತಡ ಇಲ್ಲದ್ದರಿಂದ ಡಬ್ಬಿಗಳು ಸಿಡಿಯುತ್ತಿದ್ದವು. 1874ರಲ್ಲಿ ಅದೇ ಊರಿನ ಶ್ರೈವರ್ ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಹಬೆ ಬಳಸಿದ. ಇಂದಿನ ರಿಟಾರ್ಟ್ (ಡಬ್ಬಿಗಳನ್ನು ಒತ್ತಡದಲ್ಲಿ ಬೇಯಿಸುವ ಯಂತ್ರ) ಅದರ ವಂಶದ್ದೇ. 1890ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರೆಸ್ಕಾಟ್ ಮತ್ತು ಅಂಡರ್‌ವುಡ್ ಕೆಟ್ಟ ಡಬ್ಬಿಗಳೊಳಗೆ ಶಾಖ ತಾಳಿ ಬದುಕಿದ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿದರು. ಬಾಟುಲಿನಂ ಸ್ಪೋರ್‌ (ಮಾರಕ ನರವಿಷ ಮಾಡುವ ಬ್ಯಾಕ್ಟೀರಿಯಾದ, ಶಾಖ ತಾಳುವ ಬೀಜದಂಥ ರೂಪ) ಎಷ್ಟು ಶಾಖದಲ್ಲಿ ಎಷ್ಟು ಹೊತ್ತು ಬದುಕುತ್ತದೆ ಎಂದು ಎಸ್ಟಿ ಮತ್ತು ಮೇಯರ್ ಅಳೆದದ್ದು 1922ರಲ್ಲಿ. ಡಬ್ಬಿ ಉದ್ಯಮ ಇಂದೂ ನಿಂತಿರುವುದು ಆ ಅಳತೆಯ ಮೇಲೆ.

ಉರುಗ್ವೆಯ ಫ್ರೇ ಬೆಂಟೋಸ್, ಷಿಕಾಗೋದ ಲಿಬ್ಬಿ ಕಂಪನಿಗಳ ಕಾರ್ನ್ಡ್ ಬೀಫ್ (ಉಪ್ಪಿನಲ್ಲಿ ಹದಮಾಡಿದ ದನದ ಮಾಂಸ) 1870ರ ದಶಕದ್ದು. ಒಂದು ತುದಿ ಅಗಲ, ಇನ್ನೊಂದು ಕಿರಿದು ಇರುವ ಲಿಬ್ಬಿ ಡಬ್ಬಿ 1875ರಲ್ಲಿ ಬಂತು. ಮಾಂಸ ಇಡಿಯಾಗಿ ಜಾರಿ ಹೊರಬರಲಿ ಎಂದೇ ಆ ಆಕಾರ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ನಿತ್ಯದ ಊಟ ಅದೇ ಆಗಿತ್ತು. ಹಂದಿ ಮಾಂಸದ ಸ್ಪ್ಯಾಮ್ ಅನ್ನು ಹಾರ್ಮೆಲ್ ಕಂಪನಿ ಮಿನೆಸೋಟದ ಆಸ್ಟಿನ್ ಊರಿನಿಂದ 1937ರಲ್ಲಿ ಮಾರುಕಟ್ಟೆಗೆ ತಂದಿತು. ಬೇಡಿಕೆ ಕಡಿಮೆ ಇದ್ದ ಹಂದಿಯ ಭುಜದ ಮಾಂಸಕ್ಕೆ ಅದರಿಂದ ಬೆಲೆ ಬಂತು.

ಇನ್ನೊಂದನ್ನು ಹೇಳಲೇಬೇಕು. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಸುಮಾರು 500 ಜನರಿಗೆ ಟೈಫಾಯ್ಡ್ ಬಂತು. ಮೂಲ ಅರ್ಜೆಂಟೀನಾದ ಕಾರ್ನ್ಡ್ ಬೀಫ್ ಡಬ್ಬಿ ಎಂದು ತನಿಖೆ ಹೇಳಿತು. ಮಾಂಸ ಸರಿಯಾಗಿಯೇ ಬೆಂದಿತ್ತು. ಆದರೆ ಬಿಸಿ ಡಬ್ಬಿಯನ್ನು ಕ್ಲೋರಿನ್ ಹಾಕದ ನದಿ ನೀರಿನಲ್ಲಿ ತಣಿಸಿದ್ದರು. ಡಬ್ಬಿ ತಣಿಯುವಾಗ ಒಳಗೆ ನಿರ್ವಾತ ಹುಟ್ಟುತ್ತದೆ, ಹೊಲಿಗೆಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಹೊರಗಿನ ನೀರು ಒಳಗೆ ಎಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಅದೇ ಯಂತ್ರದಲ್ಲಿ ಕೊಯ್ದ ಬೇರೆ ಮಾಂಸಕ್ಕೂ ಸೋಂಕು ಹತ್ತಿತು. ಕೊಡಗಿನಲ್ಲಿ ತೋಡು, ಹೊಳೆ ನೀರು ಕೈಗೆಟುಕುತ್ತದೆ, ತಿಳಿಯಾಗಿಯೂ ಕಾಣುತ್ತದೆ. ಡಬ್ಬಿ ತಣಿಸಲು ಅದನ್ನು ಬಳಸಬೇಡಿ.

---

ಲೇಬಲ್_ಓದುಗ ಉತ್ತರ:

ಪದಾರ್ಥಗಳ ಬಗ್ಗೆ ನಾನು ಹೇಳುತ್ತೇನೆ.

ಸ್ಪ್ಯಾಮ್ ಡಬ್ಬಿಯಲ್ಲಿ ಬರೆದಿರುವುದು ಆರೇ: ಹಂದಿ ಮಾಂಸ (ಹ್ಯಾಮ್, ಅಂದರೆ ತೊಡೆಯ ಮಾಂಸ ಸೇರಿ), ಉಪ್ಪು, ನೀರು, ಮಾರ್ಪಡಿಸಿದ ಆಲೂಗಡ್ಡೆ ಪಿಷ್ಟ, ಸಕ್ಕರೆ, ಸೋಡಿಯಂ ನೈಟ್ರೈಟ್. ಪಿಷ್ಟ ಮೊದಲಿನಿಂದ ಇರಲಿಲ್ಲ, 2009ರಲ್ಲಿ ಸೇರಿದ್ದು. ಬೇಯುವಾಗ ಮಾಂಸದಿಂದ ಬಿಡುವ ರಸ ಡಬ್ಬಿಯ ಮೇಲ್ಭಾಗದಲ್ಲಿ ಲೋಳೆಯಾಗಿ ಹೆಪ್ಪುಗಟ್ಟುತ್ತಿತ್ತು, ಪಿಷ್ಟ ಅದನ್ನು ಹೀರಿ ಮಾಂಸದೊಳಗೇ ಉಳಿಸುತ್ತದೆ. ಇಂಥ ರುಬ್ಬಿದ ಡಬ್ಬಿ ಮಾಂಸಕ್ಕೆ ಲಂಚನ್ ಮೀಟ್ ಎನ್ನುತ್ತಾರೆ. ಅಗ್ಗದ ಲಂಚನ್ ಮೀಟ್‌ಗಳಲ್ಲಿ ಮೂಳೆಯಿಂದ ಯಂತ್ರದಲ್ಲಿ ಹಿಂಡಿ ತೆಗೆದ ಕೋಳಿ ಮಾಂಸ, ಸೋಯಾ ಪ್ರೋಟೀನ್, ಫಾಸ್ಫೇಟ್ ಕೂಡ ಇರುತ್ತವೆ. ಲೇಬಲ್ಲಿನಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿ ಬರುತ್ತವೆ. ಮಾಂಸದ ಹೆಸರಿನ ಬೆನ್ನಿಗೇ ನೀರು, ಪಿಷ್ಟ ಬಂದರೆ ನೀವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಎಂದು ಅಲ್ಲೇ ತಿಳಿಯುತ್ತದೆ.

ಉಪ್ಪಿನ ಲೆಕ್ಕ ನೋಡಿ. 56 ಗ್ರಾಂ ಸ್ಪ್ಯಾಮ್‌ನಲ್ಲಿ 790 ಮಿಲಿಗ್ರಾಂ ಸೋಡಿಯಂ ಎಂದಿದೆ. ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪು. ಅಂದರೆ 100 ಗ್ರಾಂಗೆ ಸುಮಾರು 3.5 ಗ್ರಾಂ. ನಿಮ್ಮ ಪಂದಿ ಕರಿಯಲ್ಲಿ 100 ಗ್ರಾಂ ಮಾಂಸಕ್ಕೆ 1.5 ಗ್ರಾಂ. ಈ ವ್ಯತ್ಯಾಸ ರುಚಿಯಷ್ಟೇ ಅಲ್ಲ. ರುಬ್ಬಿದ ಮಾಂಸದಲ್ಲಿ ಉಪ್ಪು ಸ್ನಾಯುವಿನ ಪ್ರೋಟೀನನ್ನು ಕರಗಿಸಿ ಅಂಟಾಗಿಸುತ್ತದೆ, ಅದರಿಂದಲೇ ಲಂಚನ್ ಮೀಟ್ ಇಟ್ಟಿಗೆಯಂತೆ ಕೊಯ್ಯಲು ಬರುತ್ತದೆ.

ನೈಟ್ರೈಟ್ ಮೂರು ಕೆಲಸ ಮಾಡುತ್ತದೆ. ಬೆಂದ ಮೇಲೂ ಮಾಂಸ ಗುಲಾಬಿಯಾಗಿ ಉಳಿಯುತ್ತದೆ, ಕೊಬ್ಬು ಹಳಸಿದ ವಾಸನೆ ತಡವಾಗುತ್ತದೆ, ಬಾಟುಲಿನಂ ಸ್ಪೋರ್ ಮೊಳೆಯದಂತೆ ತಡೆ ಬೀಳುತ್ತದೆ. ಅಮೆರಿಕದಲ್ಲಿ ರುಬ್ಬಿದ ಮಾಂಸಕ್ಕೆ ಸೇರಿಸುವ ನೈಟ್ರೈಟ್ ಮಿತಿ ದಶಲಕ್ಷಕ್ಕೆ 156 ಭಾಗ. ಅಂದರೆ 1 ಕೆ.ಜಿ. ಮಾಂಸಕ್ಕೆ 0.156 ಗ್ರಾಂ. ಇಷ್ಟು ಸಣ್ಣ ಪ್ರಮಾಣವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಆದ್ದರಿಂದ 6.25% ನೈಟ್ರೈಟ್, ಉಳಿದದ್ದು ಉಪ್ಪು ಇರುವ ಮಿಶ್ರಣ ಮಾರುತ್ತಾರೆ. ಕೆ.ಜಿ.ಗೆ 2.5 ಗ್ರಾಂ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಅಡುಗೆ ಉಪ್ಪೆಂದು ಯಾರೂ ಎತ್ತಿ ಹಾಕದಿರಲಿ ಎಂದು ಅದಕ್ಕೆ ಗುಲಾಬಿ ಬಣ್ಣ ಕೊಟ್ಟಿರುತ್ತಾರೆ. ನೈಟ್ರೈಟ್ ಹೆಚ್ಚಾದರೆ ನೇರ ವಿಷ: ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಉಪ್ಪು, ನೈಟ್ರೈಟ್ ಎರಡೂ ಸರಿಯಾದ ಮಟ್ಟದಲ್ಲಿ ಇರುವುದರಿಂದಲೇ ಲಂಚನ್ ಮೀಟ್ ಡಬ್ಬಿಗೆ ಉಳಿದ ಮಾಂಸದ ಡಬ್ಬಿಗಿಂತ ಕಡಿಮೆ ಶಾಖ ಸಾಕಾಗುತ್ತದೆ. ಪಂದಿ ಕರಿಯಲ್ಲಿ ಉಪ್ಪು ಕಡಿಮೆ, ನೈಟ್ರೈಟ್ ಇಲ್ಲವೇ ಇಲ್ಲ, ಹಾಗಾಗಿ ಪೂರ್ತಿ ಶಾಖ ಕೊಡಲೇಬೇಕು. ನೈಟ್ರೈಟ್ ಸೇರಿಸೋಣವೇ ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಕಪ್ಪು ಮಸಾಲೆಯ ಕರಿಗೆ ಗುಲಾಬಿ ಬಣ್ಣದಿಂದ ಏನೂ ಆಗಬೇಕಾಗಿಲ್ಲ, ರುಚಿಯೂ ಹ್ಯಾಮ್ ಕಡೆಗೆ ವಾಲುತ್ತದೆ.

ಮತ್ತೊಂದು ಎಚ್ಚರಿಕೆ: ದೊಡ್ಡ ಹ್ಯಾಮ್ ಡಬ್ಬಿಗಳ ಮೇಲೆ ‘ಶೈತ್ಯದಲ್ಲಿಡಿ’ ಎಂದು ಬರೆದಿದ್ದರೆ ಅದು ಬರೀ 70 ಡಿಗ್ರಿ ಆಸುಪಾಸಿನಲ್ಲಿ ಬೆಂದದ್ದು. ತವರದ ಡಬ್ಬಿಯಲ್ಲಿದೆ ಎಂದು ಕಪಾಟಿನಲ್ಲಿ ಇಟ್ಟರೆ ಕೆಡುತ್ತದೆ.

---

ರಿಟಾರ್ಟ್_ಮೈಸೂರು ಉತ್ತರ:

ಕಾಚಂಪುಳಿ ಮತ್ತು ಕುಕ್ಕರ್ ವಿಚಾರ ನನಗಿರಲಿ. ಎರಡಕ್ಕೂ ಉತ್ತರ ‘ಇಲ್ಲ’. ಕಾರಣ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಯಾರಾದರೂ ಪ್ರಯತ್ನಿಸಿಯೇ ನೋಡುತ್ತಾರೆ.

ಬಾಟುಲಿನಂ ಬ್ಯಾಕ್ಟೀರಿಯಾದ ಸ್ಪೋರ್ ಮಣ್ಣಿನಲ್ಲಿ ಎಲ್ಲೆಡೆ ಇರುತ್ತದೆ. ಹಂದಿಯ ಚರ್ಮ, ಶುಂಠಿ, ಬೆಳ್ಳುಳ್ಳಿ, ಅಂಗಳದಲ್ಲಿ ಒಣಗಿಸಿದ ಕಾಳುಮೆಣಸು, ಯಾವುದರ ಮೂಲಕವೂ ಒಳಗೆ ಬರಬಹುದು. ಗಾಳಿಯಿಲ್ಲದ, ತೇವದ, ಹುಳಿ ಕಡಿಮೆ ಇರುವ, ಬೆಚ್ಚಗಿನ ಜಾಗದಲ್ಲಿ ಅದು ಮೊಳೆತು ನರವಿಷ ತಯಾರಿಸುತ್ತದೆ. ಮುಚ್ಚಿದ ಮಾಂಸದ ಡಬ್ಬಿ ಎಂದರೆ ಈ ನಾಲ್ಕೂ ಒಟ್ಟಿಗೆ ಇರುವ ಜಾಗ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6 ಅಥವಾ ಕೆಳಗಿದ್ದರೆ ಅದು ಮೊಳೆಯುವುದಿಲ್ಲ. ಉಪ್ಪಿನಕಾಯಿಗೆ ಕುದಿನೀರಿನ ಶಾಖ ಸಾಕಾಗುವುದು ಅದಕ್ಕೇ.

ಕಾಚಂಪುಳಿ ಬಾಟಲಿಯಲ್ಲಿ ಬಹಳ ಹುಳಿ, ನಿಜ. ಆದರೆ 1 ಕೆ.ಜಿ. ಮಾಂಸಕ್ಕೆ 2 ಸಣ್ಣ ಚಮಚ ಅಂದರೆ 10 ಮಿ.ಲೀ. ಮಾಂಸದ ಪಿಎಚ್ 5.5ರಿಂದ 6ರ ನಡುವೆ ಇರುತ್ತದೆ, ಅದರ ಪ್ರೋಟೀನ್ ಹುಳಿಯನ್ನು ಹೀರಿಕೊಂಡು ಪಿಎಚ್ ಇಳಿಯದಂತೆ ತಡೆಯುತ್ತದೆ. ಗೊಜ್ಜು ನಾಲಿಗೆಗೆ ಹುಳಿ ಹತ್ತಿದರೂ ಒಂದೂವರೆ ಇಂಚಿನ ತುಂಡಿನ ನಡುಭಾಗ ಹಾಗೆಯೇ ಇರುತ್ತದೆ. ಕೊಬ್ಬು ಮತ್ತು ಚರ್ಮದೊಳಗೆ ಹುಳಿ ಇಳಿಯುವುದು ಇನ್ನೂ ನಿಧಾನ. ನಡುವಿನವರೆಗೂ 4.6ಕ್ಕೆ ಇಳಿಸುವಷ್ಟು ಕಾಚಂಪುಳಿ ಸುರಿದರೆ ತಿನ್ನಲು ಆಗುವುದಿಲ್ಲ. ಕಾಳುಮೆಣಸು, ಬೆಳ್ಳುಳ್ಳಿ, ಕಪ್ಪು ಮಸಾಲೆ ಇವೂ ಕಾಯುವುದಿಲ್ಲ, ಬದಲಿಗೆ ಸ್ಪೋರ್‌ಗಳನ್ನು ತಾವೇ ಹೊತ್ತು ತರುತ್ತವೆ. ಹೊಗೆಯಟ್ಟದ ಮೇಲಿನ ಒಣಮಾಂಸ ಉಳಿಯುತ್ತಿದ್ದುದಕ್ಕೆ ಕಾರಣವೇ ಬೇರೆ: ಉಪ್ಪು, ಹೊಗೆ, ಎಲ್ಲಕ್ಕಿಂತ ಮುಖ್ಯವಾಗಿ ನೀರಿನಂಶ ಹೋಗಿರುವುದು.

ಉಳಿದದ್ದು ಶಾಖ. 121.1 ಡಿಗ್ರಿಯಲ್ಲಿ ಬಾಟುಲಿನಂ ಸ್ಪೋರ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಸಾಯಲು 0.21 ನಿಮಿಷ ಬೇಕು. ಉದ್ಯಮದ ನಿಯಮ ಇದನ್ನು ಹನ್ನೆರಡು ಬಾರಿ ಕೇಳುತ್ತದೆ: 2.52 ನಿಮಿಷ, ವ್ಯವಹಾರದಲ್ಲಿ 3 ನಿಮಿಷ. ಇದು ಡಬ್ಬಿಯ ಅತಿ ತಂಪಾದ ಬಿಂದುವಿನಲ್ಲಿ ಸಿಗಬೇಕಾದ ಶಾಖ, ಒಲೆ ಹೊತ್ತಿಸಿದಾಗಿನಿಂದ ಎಣಿಸುವ ಹೊತ್ತಲ್ಲ. ಉಷ್ಣತೆ 10 ಡಿಗ್ರಿ ಇಳಿದರೆ ಹೊತ್ತು 10 ಪಟ್ಟಾಗುತ್ತದೆ. ಈಗ ಮಡಿಕೇರಿಯ ಲೆಕ್ಕ ಹಾಕಿ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ ನೀರು ಕುದಿಯುವುದು 96 ಡಿಗ್ರಿಯಲ್ಲಿ. ಸಮುದ್ರಮಟ್ಟದಲ್ಲಿ ಡಬ್ಬಿಯ ನಡುಭಾಗವನ್ನು 100 ಡಿಗ್ರಿಯಲ್ಲಿ ಸುಮಾರು ಐದೂವರೆ ಗಂಟೆ ಇಡಬೇಕಾದರೆ, ಮಡಿಕೇರಿಯ ಕುದಿನೀರಿನಲ್ಲಿ ಹದಿಮೂರೂವರೆ ಗಂಟೆ ಇಡಬೇಕು. ಅಷ್ಟು ಹೊತ್ತಿಗೆ ಮಾಂಸ ನಾರಾಗಿ ಕರಗಿರುತ್ತದೆ.

ಕುಕ್ಕರಿನದೂ ಇದೇ ಸಮಸ್ಯೆ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಇದೆ ಎಂದು ಮಾತ್ರ. ಮಡಿಕೇರಿಯಲ್ಲಿ ಹೊರಗಿನ ಒತ್ತಡವೇ ಕಡಿಮೆ. 15 ಪೌಂಡ್ ಗೇಜ್ ಒತ್ತಡದಲ್ಲಿ ಮಂಗಳೂರಿನಲ್ಲಿ 121 ಡಿಗ್ರಿ ಸಿಗುತ್ತದೆ, ಮಡಿಕೇರಿಯಲ್ಲಿ 119. ಎರಡೇ ಡಿಗ್ರಿ ಎನಿಸಬಹುದು, ಆದರೆ ಸ್ಪೋರ್ ಸಾಯಲು ಒಂದೂವರೆ ಪಟ್ಟಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಜೊತೆಗೆ ಅಡುಗೆ ಕುಕ್ಕರಿನಲ್ಲಿ ಒಳಗಿನ ಗಾಳಿಯನ್ನು ಪೂರ್ತಿ ಹೊರದಬ್ಬುವ ಕ್ರಮವಿಲ್ಲ. ಹಬೆಯ ಜೊತೆ ಗಾಳಿ ಉಳಿದರೆ ಒತ್ತಡ ಸರಿಯಿದ್ದರೂ ಉಷ್ಣತೆ ಕಡಿಮೆ ಇರುತ್ತದೆ. ಸೀಟಿ ಹೊಡೆದಾಗಲೆಲ್ಲ ಒತ್ತಡ ಏರಿಳಿಯುತ್ತದೆ. ಸಣ್ಣ ಕುಕ್ಕರ್ ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ, ಪರೀಕ್ಷಿತ ಕೋಷ್ಟಕಗಳಾದರೋ ನಿಧಾನ ಬಿಸಿಯಾಗುವ ದೊಡ್ಡ ಕ್ಯಾನರ್ (ಜಾಡಿಗಳನ್ನು ಒತ್ತಡದಲ್ಲಿ ಬೇಯಿಸುವ ಪಾತ್ರೆ) ಇಟ್ಟುಕೊಂಡು ಮಾಡಿದವು. ಸೀಟಿ ಎಣಿಸಿ ಡಬ್ಬಿ ಮಾಡಲು ಬರುವುದಿಲ್ಲ.

ಮಾರುವ ಉದ್ದೇಶ ಇದ್ದರೆ ತವರದ ಡಬ್ಬಿಗಿಂತ ರಿಟಾರ್ಟ್ ಪೌಚ್ (ರಿಟಾರ್ಟ್ ಶಾಖ ತಾಳುವ ಮೆದು ಚೀಲ) ನೋಡಿ. ಮೈಸೂರಿನ ಡಿಎಫ್‌ಆರ್‌ಎಲ್ (1961ರಲ್ಲಿ ಶುರುವಾದ ರಕ್ಷಣಾ ಆಹಾರ ಪ್ರಯೋಗಾಲಯ) ಸೇನೆಗಾಗಿ ಇದೇ ತಂತ್ರಜ್ಞಾನ ರೂಪಿಸಿತು. ಪೌಚ್‌ನ ಹೊರಪದರ 12 ಮೈಕ್ರಾನ್ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ 70 ಮೈಕ್ರಾನ್ ಆಸುಪಾಸಿನ ಪಾಲಿಪ್ರೊಪಿಲೀನ್. ಕೆಲವು ಪೌಚ್‌ಗಳಲ್ಲಿ ನೈಲಾನ್ ಪದರವೂ ಇರುತ್ತದೆ. 250 ಗ್ರಾಂ ಪೌಚ್ ಚಪ್ಪಟೆಯಾಗಿ ಮಲಗಿದಾಗ ದಪ್ಪ 2 ಸೆಂ.ಮೀ. ಮೀರುವುದಿಲ್ಲ, ಶಾಖ ಬೇಗ ನಡುವಿಗೆ ಸೇರುತ್ತದೆ, ಮಾಂಸ ಡಬ್ಬಿಯಲ್ಲಿ ಬೇಯುವಷ್ಟು ಅತಿಯಾಗಿ ಬೇಯುವುದಿಲ್ಲ.

ತವರದ ಡಬ್ಬಿಯೇ ಬೇಕೆಂದರೆ ಒಳಲೇಪ ಮುಖ್ಯ. ಮಾಂಸ, ಬೆಳ್ಳುಳ್ಳಿ, ಈರುಳ್ಳಿಯ ಗಂಧಕ ಬರೀ ತವರದೊಂದಿಗೆ ಸೇರಿ ಕಪ್ಪು ಕಲೆ ಮಾಡುತ್ತದೆ, ಕಾಚಂಪುಳಿಯ ಹುಳಿ ಲೋಹವನ್ನು ತಿನ್ನುತ್ತದೆ. ಗಂಧಕ, ಹುಳಿ ಎರಡನ್ನೂ ತಾಳುವ ಲ್ಯಾಕರ್ ಕೇಳಿ ಪಡೆಯಿರಿ. ಹಣ್ಣಿಗೆಂದು ಮಾಡಿದ ಡಬ್ಬಿ ತರಬೇಡಿ.

ಪಾಕದಲ್ಲೂ ಬದಲಾವಣೆ ಬೇಕು. ಮಾಂಸವನ್ನು ಮುಕ್ಕಾಲು ಭಾಗ ಮಾತ್ರ ಬೇಯಿಸಿ, ಉಳಿದದ್ದು ರಿಟಾರ್ಟ್‌ನಲ್ಲಿ ಬೇಯುತ್ತದೆ. ಮುಂಚಿತ ಬೇಯಿಕೆಯಲ್ಲೇ ಕಾಲು ಭಾಗಕ್ಕೂ ಹೆಚ್ಚು ತೂಕ ನೀರಾಗಿ ಹೋಗುತ್ತದೆ, ಬೆಲೆ ಕಟ್ಟುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ತೇಲುವ ಕೊಬ್ಬು ಆದಷ್ಟು ತೆಗೆಯಿರಿ. ಪೌಚ್‌ನ ಬಾಯಿಗೆ ಎಣ್ಣೆಯ ಒಂದು ಗೆರೆ ಹತ್ತಿದರೂ ಸೀಲ್ ಹಿಡಿಯುವುದಿಲ್ಲ, ಕೊಳವೆಯಿರುವ ಆಲಿಕೆಯಿಂದಲೇ ತುಂಬಿ. ಗೊಜ್ಜು ಗಟ್ಟಿಯಾದಷ್ಟೂ ಶಾಖ ಒಳಗೆ ಹರಿಯುವುದು ನಿಧಾನ. ತೆಳು ಗೊಜ್ಜಿಗೆ ಪರೀಕ್ಷಿಸಿದ ಹೊತ್ತನ್ನು ಗಟ್ಟಿ ಗೊಜ್ಜಿಗೆ ಬಳಸಬೇಡಿ. ಒಂದೊಂದು ಪಾಕಕ್ಕೂ ಪೌಚ್‌ನ ನಡುವಿನ ತುಂಡಿಗೆ ಉಷ್ಣಮಾಪಕದ ತಂತಿ ಚುಚ್ಚಿ ಅಳೆಯಲೇಬೇಕು. ಆ ಉಪಕರಣ ಹೋಂಸ್ಟೇಯಲ್ಲಿ ಇರುವುದಿಲ್ಲ, ಮೈಸೂರಿನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಂಥ ಕಡೆ ಕೇಳಿ. ಮಡಿಕೇರಿಯಿಂದ 120 ಕಿ.ಮೀ. ದೂರವಷ್ಟೇ. ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಕಡ್ಡಾಯ. ಮಾಂಸ ಸಾಕಿದ ಹಂದಿಯದೇ ಆಗಿರಬೇಕು, ಕಾಡುಹಂದಿ ಬೇಟೆ ವನ್ಯಜೀವಿ ಕಾಯಿದೆಯಡಿ ಅಪರಾಧ.

---

ಮಡಿಕೇರಿಗುಡ್ಡ:

ಇಷ್ಟು ವಿವರ ಕೊಟ್ಟದ್ದಕ್ಕೆ ಎಲ್ಲರಿಗೂ ಧನ್ಯವಾದ. ಮಾರಾಟಕ್ಕೆ ಮೈಸೂರಿನಲ್ಲೇ ವಿಚಾರಿಸುತ್ತೇನೆ. ಮನೆಮಟ್ಟಿಗೆ ಮಾತ್ರ, ಗೇಜ್ ಇರುವ ದೊಡ್ಡ ಪ್ರೆಶರ್ ಕ್ಯಾನರ್ ತರಿಸಿದರೆ ಗಾಜಿನ ಜಾಡಿಯಲ್ಲಿ ಮಾಡಬಹುದೇ? ಹಂತಗಳನ್ನು ಹೇಳಿ. ಇನ್ನೊಂದು ಪ್ರಶ್ನೆ: ಮಂಗಳೂರಿನಿಂದ ಬರುವ ಕೆಲವು ಡಬ್ಬಿಗಳ ಮುಚ್ಚಳ ಇಲ್ಲಿಗೆ ಬಂದಮೇಲೆ ಸ್ವಲ್ಪ ಉಬ್ಬಿದಂತೆ ಕಾಣುತ್ತದೆ. ಅದು ಕೆಟ್ಟಿದೆ ಎಂದೇ ಅರ್ಥವೇ?

---

ಜಾಡಿ_ಮತ್ತು_ಮುಚ್ಚಳ ಉತ್ತರ:

ಮಾಡಬಹುದು, ಆದರೆ ಪಂದಿ ಕರಿಯನ್ನಲ್ಲ. ಬರೀ ಮಾಂಸವನ್ನು ಜಾಡಿಗೆ ತುಂಬಿ. ಅಮೆರಿಕದ ಕೃಷಿ ಇಲಾಖೆ ಪರೀಕ್ಷಿಸಿ ಪ್ರಕಟಿಸಿರುವ ಹೊತ್ತು ಇರುವುದು ಹಂದಿ ಮಾಂಸದ ತುಂಡು, ಅದರ ಸಾರು, ಉಪ್ಪು ಇಷ್ಟಕ್ಕೇ. ಈರುಳ್ಳಿ ಮಸಾಲೆಯ ಗೊಜ್ಜಿಗೆ ಆ ಅಂಕಿ ಹೊಂದುವುದಿಲ್ಲ. ಕಪ್ಪು ಮಸಾಲೆ ಪುಡಿ ಬೇರೆ ಪೊಟ್ಟಣದಲ್ಲಿ, ಕಾಚಂಪುಳಿ ಬೇರೆ ಬಾಟಲಿಯಲ್ಲಿ ಇರಲಿ. ಎರಡೂ ತಾವಾಗಿಯೇ ತಿಂಗಳುಗಟ್ಟಲೆ ಉಳಿಯುತ್ತವೆ. ಜಾಡಿ ತೆರೆದು, ಈರುಳ್ಳಿ ಬೆಳ್ಳುಳ್ಳಿ ಹುರಿದು, ಮಾಂಸ ಹಾಕಿ ಚೆನ್ನಾಗಿ ಕುದಿಸಿ, ಪುಡಿ ಸೇರಿಸಿ, ಕೊನೆಗೆ ಕಾಚಂಪುಳಿ ಬಿಟ್ಟರೆ ಅರ್ಧ ಗಂಟೆಯೊಳಗೆ ಕರಿ ಸಿದ್ಧ. ರುಚಿಯ ದೃಷ್ಟಿಯಿಂದಲೂ ಇದೇ ಒಳ್ಳೆಯದು. ಹುರಿದ ಮಸಾಲೆ ಒಂದೂಕಾಲು ಗಂಟೆ ಒತ್ತಡದಲ್ಲಿ ಬೆಂದರೆ ಕಹಿ ತಿರುಗುತ್ತದೆ, ಕಾಳುಮೆಣಸಿನ ಘಮ ಹೋಗಿ ಖಾರ ಮಾತ್ರ ಉಳಿಯುತ್ತದೆ.

ಜಾಡಿ ಕ್ಯಾನಿಂಗ್‌ಗೆಂದೇ ಮಾಡಿದ್ದು ಇರಬೇಕು: ಚಪ್ಪಟೆ ಮುಚ್ಚಳ ಬೇರೆ, ತಿರುಪಿನ ಬಳೆ ಬೇರೆ. ಜಾಮ್ ಬಾಟಲಿ, ಉಪ್ಪಿನಕಾಯಿ ಭರಣಿ ಆಗುವುದಿಲ್ಲ. ಪೈಂಟ್ ಅಳತೆಯ (ಸುಮಾರು 470 ಮಿ.ಲೀ.) ಜಾಡಿಯೇ ಸಾಕು. ಒಂದಕ್ಕೆ ಸುಮಾರು 450 ಗ್ರಾಂ ಹಸಿ ಮಾಂಸ ಹಿಡಿಯುತ್ತದೆ.

ಚರ್ಮ ಮತ್ತು ಹೊರಗಿನ ದಪ್ಪ ಕೊಬ್ಬು ತೆಗೆದುಬಿಡಿ. ಪಂದಿ ಕರಿಗೆ ಚರ್ಮ ಬೇಕೇ ಬೇಕು ಎನ್ನುವವರು ಅದನ್ನು ತಾಜಾ ಬೇಯಿಸಿ ಕೊನೆಯಲ್ಲಿ ಸೇರಿಸಲಿ. ಜಾಡಿಯೊಳಗಿನ ಕೊಬ್ಬು ಕರಗಿ ಮೇಲೇರಿ ಮುಚ್ಚಳದ ರಬ್ಬರಿಗೆ ಹತ್ತಿದರೆ ಸೀಲ್ ಬಿಡುತ್ತದೆ. ಮಾಂಸವನ್ನು ಒಂದು ಇಂಚಿನ ತುಂಡುಗಳಾಗಿ ಕೊಯ್ದು, ಹೊರಮೈ ಬಣ್ಣ ತಿರುಗುವಷ್ಟು ಬಿಸಿ ಮಾಡಿ, ಬಿಸಿಯಿರುವಾಗಲೇ ಜಾಡಿಗೆ ಸಡಿಲವಾಗಿ ತುಂಬಿ. ಬೇಕಾದರೆ ಪೈಂಟ್ ಜಾಡಿಗೆ ಅರ್ಧ ಸಣ್ಣ ಚಮಚ ಉಪ್ಪು. ಕುದಿಯುವ ಸಾರು ಸುರಿದು ಮೇಲೆ ಒಂದು ಇಂಚು ಜಾಗ ಬಿಡಿ. ಕಡಿಮೆ ಬಿಟ್ಟರೆ ಸಾರು ಉಕ್ಕಿ ಹೊರಬರುತ್ತದೆ. ಹಿಟ್ಟು, ಅಕ್ಕಿ, ತೆಂಗಿನಕಾಯಿ ಏನೂ ಹಾಕಬೇಡಿ. ಚಪ್ಪಟೆ ಕಡ್ಡಿಯಿಂದ ಗಾಳಿಗುಳ್ಳೆ ಬಿಡಿಸಿ, ಜಾಡಿಯ ಬಾಯನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಮುಚ್ಚಳವಿಟ್ಟು ಬಳೆಯನ್ನು ಬೆರಳ ತುದಿಯಲ್ಲಿ ಬಿಗಿಯುವಷ್ಟೇ ಬಿಗಿ ಮಾಡಿ.

ಕ್ಯಾನರಿನಲ್ಲಿ 2-3 ಇಂಚು ನೀರು, ತಳದಲ್ಲಿ ಜಾಲರಿ ಇರಲಿ. ಮುಚ್ಚಳ ಹಾಕಿ, ಭಾರ ಇಡದೆ, ಹಬೆ ಧಾರೆಯಾಗಿ 10 ನಿಮಿಷ ಹೊರಗೆ ಬರಲಿ. ಗಾಳಿ ಹೊರಹೋಗುವುದು ಆ ಹೊತ್ತಿನಲ್ಲೇ, ಅದನ್ನು ಬಿಡುವಂತಿಲ್ಲ. ಆಮೇಲೆ ಭಾರ ಇಟ್ಟು ಒತ್ತಡ ಏರಿಸಿ. ಭಾರದ ಕ್ಯಾನರ್ ಆದರೆ 15 ಪೌಂಡ್. ಮುಳ್ಳಿನ ಗೇಜ್ ಆದರೆ 2,001ರಿಂದ 4,000 ಅಡಿ ಎತ್ತರಕ್ಕೆ 12 ಪೌಂಡ್. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ, ಪೊನ್ನಂಪೇಟೆ ಎಲ್ಲ ಈ ಸಾಲಿಗೇ ಬರುತ್ತವೆ. ತಡಿಯಂಡಮೋಳ್ ಕಡೆಯ ಮೇಲಿನ ತೋಟಗಳಂತೆ 4,000 ಅಡಿ ದಾಟಿದ ಜಾಗವಾದರೆ 13 ಪೌಂಡ್. ಒತ್ತಡ ತಲುಪಿದ ಮೇಲೆ ಪೈಂಟ್ ಜಾಡಿಗೆ 75 ನಿಮಿಷ, ಕ್ವಾರ್ಟ್ (ಎರಡು ಪೈಂಟ್) ಜಾಡಿಗೆ 90. ನಡುವೆ ಒಮ್ಮೆ ಒತ್ತಡ ಕೆಳಗಿಳಿದರೂ ಮತ್ತೆ ಏರಿಸಿ, ಹೊತ್ತನ್ನು ಸೊನ್ನೆಯಿಂದ ಎಣಿಸಿ. ಗ್ಯಾಸ್ ಸಿಲಿಂಡರ್ ಎರಡು ಗಂಟೆಗೂ ಮೀರಿ ಬರುವಷ್ಟು ತುಂಬಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮುಗಿದ ಮೇಲೆ ಉರಿ ಆರಿಸಿ, ತಾನಾಗಿ ಒತ್ತಡ ಇಳಿಯಲಿ. ತಣ್ಣೀರು ಹೊಯ್ದರೆ, ಭಾರ ಎತ್ತಿದರೆ ಜಾಡಿಯೊಳಗಿನ ಸಾರು ಕುದಿದು ಹೊರಗೆ ಎಳೆದುಕೊಂಡು ಹೋಗುತ್ತದೆ, ಮಾಂಸದ ಚೂರು ಮುಚ್ಚಳದ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಡಿಗಳನ್ನು ಗಾಳಿ ಬೀಸದ ಕಡೆ ಬಟ್ಟೆಯ ಮೇಲಿಟ್ಟು 12ರಿಂದ 24 ಗಂಟೆ ಮುಟ್ಟಬೇಡಿ. ಆಮೇಲೆ ಮುಚ್ಚಳದ ನಡು ಒತ್ತಿ ನೋಡಿ, ಅಲುಗಬಾರದು. ಬಳೆ ಬಿಚ್ಚಿ, ತೊಳೆದು, ಒಣಗಿಸಿ ಇಡಿ. ಮಳೆಗಾಲದಲ್ಲಿ ಇದು ಬಹಳ ಮುಖ್ಯ, ಬಳೆಯ ಕೆಳಗೆ ತೇವ ನಿಂತರೆ ಜುಲೈ ಮುಗಿಯುವುದರೊಳಗೆ ಮುಚ್ಚಳ ತುಕ್ಕು ಹಿಡಿದು ತೂತಾಗಬಹುದು.

ಈ ಜಾಡಿಗಳು ಮನೆಯವರಿಗೆ ಮಾತ್ರ. ಅತಿಥಿಗಳಿಗೆ ಮಾರಬೇಡಿ.

---

ರಿಟಾರ್ಟ್_ಮೈಸೂರು:

ಉಬ್ಬುವ ವಿಚಾರ. ಸಮುದ್ರಮಟ್ಟದಲ್ಲಿ ಮುಚ್ಚಿದ ಡಬ್ಬಿಯೊಳಗೆ ನಿರ್ವಾತ ಸಾಕಷ್ಟು ಇಲ್ಲದಿದ್ದರೆ, ಮಡಿಕೇರಿಯ ಕಡಿಮೆ ಒತ್ತಡದಲ್ಲಿ ಮುಚ್ಚಳ ಹೊರಗೆ ತಳ್ಳಿಕೊಳ್ಳುತ್ತದೆ. ಚಿಪ್ಸ್ ಪೊಟ್ಟಣ ಸಂಪಾಜೆ ಘಾಟಿ ಹತ್ತುವಾಗ ಊದಿಕೊಳ್ಳುವುದು ಇದೇ ಕಾರಣಕ್ಕೆ. ಡಬ್ಬಿ ಮುಚ್ಚುವ ಮುಂಚೆ ಒಳಗಿನ ಪದಾರ್ಥವನ್ನು 75-80 ಡಿಗ್ರಿಗೆ ಬಿಸಿ ಮಾಡುವುದು ಈ ನಿರ್ವಾತಕ್ಕಾಗಿಯೇ. ಡಬ್ಬಿಗೆ ಒಂದೆಡೆ ಪೆಟ್ಟು ಬಿದ್ದು ನಗ್ಗಿದರೂ, ವಿಪರೀತ ತುಂಬಿದರೂ ಉಬ್ಬು ಕಾಣಬಹುದು. ಒಳಲೇಪ ಕಿತ್ತು ಹುಳಿ ಲೋಹವನ್ನು ತಿಂದರೆ ಹೈಡ್ರೋಜನ್ ಹುಟ್ಟಿ ಉಬ್ಬಿಸುತ್ತದೆ. ಕೊನೆಯದು ಬ್ಯಾಕ್ಟೀರಿಯಾದ ಅನಿಲ.

ಹೊರಗಿನಿಂದ ನೋಡಿ ಯಾವುದು ಯಾವುದೆಂದು ಬಿಡಿಸಿ ಹೇಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಬೆರಳಲ್ಲಿ ಒತ್ತಿದಾಗ ಒಳಗೆ ಹೋಗಿ ಮತ್ತೆ ಹೊರಬಂದರೆ, ಅಥವಾ ಒಂದು ಬದಿ ಒತ್ತಿದಾಗ ಇನ್ನೊಂದು ಬದಿ ಎದ್ದರೆ ಅದನ್ನು ಬಳಸಬೇಡಿ. ಬಾಟುಲಿನಂ ಬೆಳೆದ ಡಬ್ಬಿ ಉಬ್ಬದೆಯೂ ಇರಬಹುದು, ವಾಸನೆ ಬಾರದೆಯೂ ಇರಬಹುದು. ಆದ್ದರಿಂದ ರುಚಿ ನೋಡಿ ಪರೀಕ್ಷಿಸುವ ಅಭ್ಯಾಸ ಬೇಡವೇ ಬೇಡ. ಸರಿಯಾಗಿ ಮಾಡಿದ ಜಾಡಿಯ ಮಾಂಸವನ್ನೂ ತಿನ್ನುವ ಮುಂಚೆ ಚೆನ್ನಾಗಿ ಕುದಿಸಿ. ಸಮುದ್ರಮಟ್ಟದ ಹತ್ತಿರ 10 ನಿಮಿಷ, ನಂತರದ ಪ್ರತಿ 1,000 ಅಡಿಗೆ ಒಂದು ನಿಮಿಷ ಹೆಚ್ಚು ಎಂಬುದು ಲೆಕ್ಕ, ಮಡಿಕೇರಿಗೆ 13 ನಿಮಿಷ. ಕುದಿತಕ್ಕೆ ಸ್ಪೋರ್ ಸಾಯದಿದ್ದರೂ ನರವಿಷ ನಾಶವಾಗುತ್ತದೆ.

ಕಾರ್ಖಾನೆಗಳಲ್ಲಿ ಪ್ರತಿ ಬ್ಯಾಚಿನ ಕೆಲವು ಡಬ್ಬಿಗಳನ್ನು 35-37 ಡಿಗ್ರಿಯಲ್ಲಿ 10 ದಿನ ಇಟ್ಟು ಉಬ್ಬುತ್ತವೆಯೇ ಎಂದು ನೋಡುತ್ತಾರೆ. ಮಡಿಕೇರಿಯ ತಂಪಿನಲ್ಲಿ ಕಪಾಟಿನಲ್ಲಿ ತಿಂಗಳು ಸುಮ್ಮನಿದ್ದ ಡಬ್ಬಿ ಮಂಗಳೂರಿನ ಬಿಸಿಯಲ್ಲಿ ವಾರದೊಳಗೆ ಉಬ್ಬಬಹುದು. ಇಲ್ಲಿ ಕೆಡಲಿಲ್ಲ ಎಂಬುದನ್ನು ಪುರಾವೆ ಎಂದುಕೊಂಡು ಗಲ್ಫಿಗೆ ಕಳಿಸಬೇಡಿ.

ಅನುಮಾನ ಬಂದದ್ದನ್ನು ತೆರೆಯದೆಯೇ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಸೋರಿದ್ದರೆ ಕೈಗವಸು ಹಾಕಿಕೊಂಡು, ಸೋರಿದ ಜಾಗವನ್ನು ಬ್ಲೀಚ್ ನೀರಿನಲ್ಲಿ ನೆನೆಸಿ ಅರ್ಧ ಗಂಟೆ ಬಿಟ್ಟು ಒರೆಸಿ, ಆ ಬಟ್ಟೆಯನ್ನೂ ಅದೇ ಚೀಲಕ್ಕೆ ಹಾಕಿ. ಹಟ್ಟಿಯ ಹಂದಿಗಾಗಲಿ ನಾಯಿಗಾಗಲಿ ಹಾಕಬೇಡಿ, ಅವಕ್ಕೂ ವಿಷ ಏರಬಹುದು.